ಓದುಗರ ಪ್ರಶ್ನೆ: ಅಜ್ಜಿಯ ಸೆರಗಿಗೆ ಒಪ್ಪುವ ಟೆಂಪ್ಲೇಟ್

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಚಪ್ಪಟೆ ಚಿತ್ರಗಳಿಗೆ ಚಲನೆ ಕೊಡುವ ಲೈವ್‌ಟೂಡಿ ಕ್ಯೂಬಿಸಂ ತಂತ್ರಾಂಶವನ್ನು ಬಳಸಿ ಮಕ್ಕಳಿಗಾಗಿ ಕನ್ನಡದ ಕಥಾ ವಿಡಿಯೊಗಳನ್ನು ಸಿದ್ಧಪಡಿಸುತ್ತಿದ್ದೇನೆ. ಇಳಕಲ್ ಸೀರೆಯ ಅಜ್ಜಿ, ಪಟಗಾ ಸುತ್ತಿದ ರೈತ, ಶಾಲೆಗೆ ಹೋಗುವ ಹುಡುಗಿ ಹೀಗೆ ಪಾತ್ರಗಳು ಹೆಚ್ಚುತ್ತಿದ್ದು, ಪ್ರತಿಯೊಂದಕ್ಕೂ ಮೊದಲಿನಿಂದ ರಿಗ್ಗಿಂಗ್ (ಚಿತ್ರದ ಭಾಗಗಳು ಅಲುಗುವಂತೆ ಹೊಂದಿಸುವ ಕೆಲಸ) ಮಾಡಬೇಕಾಗುತ್ತಿದೆ. ತಂತ್ರಾಂಶದಲ್ಲೇ ಇರುವ ಟೆಂಪ್ಲೇಟನ್ನು ಅಜ್ಜಿಗೆ ಹಾಕಿ ನೋಡಿದಾಗ, ತಲೆ ತಿರುಗಿದರೂ ಸೆರಗು ನಿಂತಲ್ಲೇ ನಿಂತಿತು. ನನ್ನದೇ ಟೆಂಪ್ಲೇಟ್ ಮಾಡಿಕೊಳ್ಳುವುದು ಹೇಗೆ?

ಉತ್ತರ: ಈ ತೊಂದರೆಗೆ ನಿಮ್ಮ ಚಿತ್ರ ಕಾರಣವಲ್ಲ. ಟೆಂಪ್ಲೇಟ್ ಎಂದರೆ ಪೂರ್ಣಗೊಂಡ ಒಂದು ಮಾದರಿಯ ಡಿಫಾರ್ಮರ್‌ಗಳನ್ನೂ (ಚಿತ್ರವನ್ನು ಬಾಗಿಸುವ, ತಿರುಗಿಸುವ ಚೌಕಟ್ಟುಗಳು) ಪ್ಯಾರಾಮೀಟರ್‌ಗಳನ್ನೂ (ಚಲನೆ ಎಷ್ಟೆಂದು ನಿಯಂತ್ರಿಸುವ ಅಳತೆಗಳು) ಹೊಸ ಚಿತ್ರದ ಆರ್ಟ್‌ಮೆಶ್‌ಗಳಿಗೆ (ತ್ರಿಕೋನಗಳ ಜಾಲ ಹೊದಿಸಿದ ಚಿತ್ರದ ತುಂಡುಗಳು) ಹೊಂದಿಸುವ ಸೌಲಭ್ಯ. ಮೂಲ ಮಾದರಿಯಲ್ಲಿ ಇಲ್ಲದ ಅಂಗಕ್ಕೆ ಅದು ಚಲನೆಯನ್ನು ಕೊಡಲಾರದು. ಜಪಾನಿ ಶೈಲಿಯ ಬಿಡಿಗೂದಲಿನ ಮುಖಕ್ಕಾಗಿ ರೂಪಿಸಿದ ರಿಗ್‌ನಲ್ಲಿ ತಲೆಯ ಮೇಲಿನ ಸೆರಗಿಗೆ ಜಾಗವೇ ಇರುವುದಿಲ್ಲ. ಆದ್ದರಿಂದ ಸೆರಗು ಹೊದ್ದ ಪಾತ್ರಕ್ಕೆ ಒಂದು, ಪಟಗಾದ ಪಾತ್ರಕ್ಕೆ ಒಂದು, ಬರಿದಲೆಯ ಪಾತ್ರಕ್ಕೆ ಒಂದು ಎಂದು ಬೇರೆ ಬೇರೆ ಮೂಲ ಮಾದರಿಗಳನ್ನು ಇಟ್ಟುಕೊಳ್ಳುವುದೇ ಸರಿ.

ಕೆಲಸ ಆರಂಭವಾಗಬೇಕಾದದ್ದು ಪಿಎಸ್‌ಡಿ ಕಡತದಲ್ಲಿ, ಅಂದರೆ ಪದರಗಳಿರುವ ಫೋಟೊಶಾಪ್ ಮಾದರಿಯ ಚಿತ್ರದಲ್ಲಿ. ಕಣ್ಣಿನ ಬಿಳಿ, ಪಾಪೆ, ಮೇಲಿನ ರೆಪ್ಪೆ, ಹುಬ್ಬು, ಮೇಲ್ದುಟಿ, ಕೆಳದುಟಿ, ಬಾಯಿಯ ಒಳಭಾಗ ಎಲ್ಲವೂ ಬೇರೆ ಬೇರೆ ಪದರಗಳಲ್ಲಿ ಇರಲಿ. ಒಂದು ಪಾತ್ರದಲ್ಲಿ ಪದರಕ್ಕೆ ಕೊಟ್ಟ ಹೆಸರು ಮುಂದಿನ ಎಲ್ಲ ಪಾತ್ರಗಳಲ್ಲೂ ಅಕ್ಷರಶಃ ಅದೇ ಆಗಿರಲಿ. ಎಡ-ಬಲ ಎನ್ನುವುದು ಪಾತ್ರದ ಕಡೆಯಿಂದಲೋ ನೋಡುಗರ ಕಡೆಯಿಂದಲೋ ಎಂಬುದನ್ನೂ ಒಮ್ಮೆ ತೀರ್ಮಾನಿಸಿಬಿಡಿ. ಟೆಂಪ್ಲೇಟಿನಿಂದ ಉಳಿಯುವ ಸಮಯದ ಬಹುಪಾಲು ಈ ಶಿಸ್ತಿನಿಂದಲೇ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ಯಾರಾಮೀಟರ್‌ಗಳಲ್ಲಿ ತಂತ್ರಾಂಶದ ಪ್ರಮಾಣಿತ ಐಡಿಗಳನ್ನು (ಗುರುತಿನ ಹೆಸರುಗಳನ್ನು) ಬದಲಿಸಬೇಡಿ. ತಲೆಯನ್ನು ಅಡ್ಡಲಾಗಿ ತಿರುಗಿಸುವ ಆ್ಯಂಗಲ್ ಎಕ್ಸ್ -30ರಿಂದ 30ರವರೆಗೆ, ಕಣ್ಣು ತೆರೆಯುವಿಕೆ 0ಯಿಂದ 1ರವರೆಗೆ ಇರುತ್ತವೆ. ಚಲನೆಯ ಕಡತಗಳು ಪ್ಯಾರಾಮೀಟರನ್ನು ಗುರುತಿಸುವುದು ಐಡಿಯಿಂದಲೇ ಆದ್ದರಿಂದ, ಐಡಿ ಒಂದೇ ಆಗಿದ್ದರೆ ಅಜ್ಜಿಗಾಗಿ ಮಾಡಿದ ತಲೆದೂಗುವ ಚಲನೆಯನ್ನು ರೈತನಿಗೂ ಬಳಸಬಹುದು.

ಸೆರಗಿನ ವಿಷಯಕ್ಕೆ ಬರೋಣ. ಅದನ್ನು ಒಂದೇ ಪದರವಾಗಿ ಬರೆದರೆ ಯಾವ ಡಿಫಾರ್ಮರ್ ಕೂಡ ಅದನ್ನು ಸರಿಯಾಗಿ ಅಲುಗಿಸಲಾರದು. ತಲೆಯ ಹಿಂದಿನ ಭಾಗ, ಹಣೆಯ ಮೇಲಿನ ಅಂಚು, ಹೆಗಲ ಮೇಲೆ ಇಳಿಯುವ ಭಾಗ ಎಂದು ಮೂರಾಗಿ ಬಿಡಿಸಿ. ಮೊದಲೆರಡನ್ನು ತಲೆಯ ವಾರ್ಪ್ (ಬಾಗಿಸುವ) ಡಿಫಾರ್ಮರ್‌ಗಳ ಕೆಳಗೂ ಮೂರನೆಯದನ್ನು ಮೈಯ ಡಿಫಾರ್ಮರ್ ಕೆಳಗೂ ಇರಿಸಿ, ಕುತ್ತಿಗೆಯ ಬಳಿ ಅಂಚು ಮತ್ತು ಹೆಗಲಿನ ಮೆಶ್‌ಗಳನ್ನು ಗ್ಲೂ ಸೌಲಭ್ಯದಿಂದ ಜೋಡಿಸಿದರೆ, ತಲೆ ಒಂದು ಕಡೆಗೆ ಮೈ ಇನ್ನೊಂದು ಕಡೆಗೆ ತಿರುಗಿದಾಗಲೂ ನಡುವೆ ಬಿರುಕು ಕಾಣುವುದಿಲ್ಲ. ಹಿಂಬದಿಯ ಪದರವು ಮುಖದ ಅಂಚಿಗಿಂತ ಸಾಕಷ್ಟು ಒಳಗಿನವರೆಗೆ ಬಣ್ಣ ತುಂಬಿರಬೇಕು. ಇಲ್ಲವಾದರೆ ತಲೆ ತಿರುಗಿದ ಕೂಡಲೇ ಕೆನ್ನೆಯ ಪಕ್ಕದಲ್ಲಿ ಖಾಲಿ ಜಾಗ ಬಾಯ್ದೆರೆಯುತ್ತದೆ.

ಸೀರೆಯಲ್ಲಿ ಕಸೂತಿ ಇದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಗೋಪುರ, ತೇರುಗಳಂಥ ಚಿತ್ತಾರಗಳು ನೇರ ಗೆರೆಗಳಿಂದಲೇ ಆದವು; ಮೆಶ್‌ನ ತ್ರಿಕೋನಗಳು ದೊಡ್ಡದಾಗಿದ್ದರೆ ಮಡಿಕೆ ಬಿದ್ದಲ್ಲೆಲ್ಲ ಆ ಗೆರೆಗಳು ಮುರಿದಂತೆ ಕಾಣುತ್ತವೆ. ಕಸೂತಿಯ ಭಾಗಕ್ಕೆ ಸಣ್ಣ, ಸಮನಾದ ಮೆಶ್ ಹಾಕಿ, ಆದರೆ ಅದನ್ನು ಟೆಂಪ್ಲೇಟಿಗೆ ಸೇರಿಸಬೇಡಿ. ಕಸೂತಿಯ ವಿನ್ಯಾಸ ಪ್ರತಿ ಸೀರೆಗೂ ಬೇರೆಯಾಗಿರುವುದರಿಂದ ಆ ಮೆಶ್ ಅನ್ನು ಆಯಾ ಚಿತ್ರದಲ್ಲಿಯೇ ಮಾಡಿಕೊಳ್ಳುವುದು ಒಳ್ಳೆಯದು.

ಬಾಯಿಯ ಟೆಂಪ್ಲೇಟನ್ನು ಮಾತ್ರ ಕನ್ನಡದ ಉಚ್ಚಾರಕ್ಕೆ ತಕ್ಕಂತೆ ನೀವೇ ಕಟ್ಟಬೇಕು. ‘ಇ’, ‘ಎ’ಗಳಿಗೆ ತುಟಿ ಅಗಲವಾಗಬೇಕು, ‘ಉ’, ‘ಒ’ಗಳಿಗೆ ದುಂಡಗಾಗಬೇಕು, ‘ಪ’, ‘ಬ’, ‘ಮ’ಗಳಿಗೆ ಪೂರ್ತಿ ಮುಚ್ಚಬೇಕು. ಧ್ವನಿಯ ಏರಿಳಿತವನ್ನಷ್ಟೇ ಅಳೆಯುವ ಲಿಪ್‌ಸಿಂಕ್‌ನಲ್ಲಿ (ಮಾತಿಗೆ ತುಟಿಯ ಚಲನೆ ಹೊಂದಿಸುವ ಸೌಲಭ್ಯ) ‘ಅಮ್ಮ’ ಎನ್ನುವಾಗ ‘ಮ್ಮ’ದಲ್ಲಿ ನಾದ ನಿಲ್ಲದ ಕಾರಣ ತುಟಿಗಳು ತೆರೆದೇ ಉಳಿಯುತ್ತವೆ. ಬಾಯಿಯ ತೆರೆಯುವಿಕೆ 0 ಆದಾಗ, ಬಾಯಿಯ ಆಕಾರ ಏನೇ ಇರಲಿ, ತುಟಿ ಪೂರ್ಣ ಮುಚ್ಚುವಂತೆ ರೂಪಿಸಿಕೊಂಡು, ಇಂಥ ಪದಗಳಲ್ಲಿ ಕೀಫ್ರೇಮನ್ನು (ಆ ಕ್ಷಣದ ಭಂಗಿಯ ಗುರುತನ್ನು) ಕೈಯಿಂದಲೇ ಇಡಿ. ಮಕ್ಕಳು ತುಟಿ ನೋಡಿಯೂ ಮಾತು ಕಲಿಯುವುದರಿಂದ ಈ ಶ್ರಮವನ್ನು ದಯವಿಟ್ಟು ಉಳಿಸಬೇಡಿ.

ಟೆಂಪ್ಲೇಟ್ ಹಾಕಿದ ಮೇಲೂ ಮುಖವನ್ನು ಎರಡೂ ತುದಿಗಳಿಗೆ ತಿರುಗಿಸಿ ತಿದ್ದಲೇಬೇಕು. ಅಜ್ಜಿಯ ಇಳಿದ ಕೆನ್ನೆ ಹುಡುಗಿಯ ದುಂಡು ಕೆನ್ನೆಯಂತೆ ತಿರುಗಿದರೆ ವಯಸ್ಸೇ ಮಾಯವಾಗುತ್ತದೆ.

ಪ್ರಶ್ನೆ: ಉಚಿತ ಆವೃತ್ತಿಯಲ್ಲಿ ಇದೆಲ್ಲ ಸಾಧ್ಯವೇ? (ರಾಣೆಬೆನ್ನೂರಿನ ಓದುಗರು)

ಉತ್ತರ: ಉಚಿತ ಆವೃತ್ತಿಯಲ್ಲಿ 100 ಆರ್ಟ್‌ಮೆಶ್, 50 ಡಿಫಾರ್ಮರ್, 30 ಪ್ಯಾರಾಮೀಟರ್‌ಗಳ ಮಿತಿ ಇದೆ. ಸೊಂಟದವರೆಗಿನ ಸರಳ ಪಾತ್ರಕ್ಕೆ ಇಷ್ಟು ಸಾಲುತ್ತದೆ. ಕೂದಲು, ಬಟ್ಟೆಗಳ ಅಲುಗಾಟಕ್ಕೆ ಹತ್ತಾರು ಪ್ಯಾರಾಮೀಟರ್ ಬಳಸುವವರಿಗೆ ಸಾಲದು. ಮಿತಿಯೊಳಗೆ ದುಡಿಯುವುದಾದರೆ ಕಣ್ಣು, ಬಾಯಿ, ತಲೆಗಳಿಗೆ ಮೊದಲು ಪ್ಯಾರಾಮೀಟರ್ ಹಂಚಿ, ಉಳಿದದ್ದನ್ನು ಮಾತ್ರ ಬಟ್ಟೆಗೆ ಕೊಡಿ.