ಸೀರೀಸ್‌ನಲ್ಲಿ ಫಾದರ್ ಬಂದ್ರೆ ಅನುಮಾನ ಯಾಕೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾವು ಮಂಗಳೂರಿನ ಕಥೋಲಿಕರು. ಪಿಯುಸಿ ಓದುವ ಮಗ ರಾತ್ರಿ ಊಟ ಆದ ಮೇಲೆ ಇಂಗ್ಲಿಷ್ ಸೀರೀಸ್ ಹಾಕ್ತಾನೆ, ನಾನೂ ಪಕ್ಕದಲ್ಲಿ ಕೂತು ನೋಡ್ತೇನೆ. ಅದರಲ್ಲಿ ಫಾದರ್ ಬಂದ್ರೆ ಒಂದಾ ಮಕ್ಕಳಿಗೆ ಹಿಂಸೆ ಕೊಟ್ಟವರು, ಇಲ್ಲದಿದ್ರೆ ನಂಬಿಕೆ ಕಳ್ಕೊಂಡವರು. ಬೈಬಲ್ ವಾಕ್ಯ ಹೇಳುವವರೇ ಕೊನೆಗೆ ಕೊಲೆಗಾರರು. ಮೊನ್ನೆ ಮಿಡ್‌ನೈಟ್ ಮಾಸ್ ನೋಡಿ ನನಗೆ ಬೇಜಾರಾಗಿ ಹೋಯ್ತು. ಮಗನಿಗೆ ಇದೆಲ್ಲ ನೋಡ್ಬೇಡ ಅಂತ ಹೇಳ್ಬೇಕಾ?
ಒಬ್ಬ ತಾಯಿ, ಮಂಗಳೂರು

ಉತ್ತರ: ಬೇಡ ಮೇಡಂ, ಹಾಗೆ ಹೇಳ್ಬೇಡಿ. ನಿಮ್ಮ ಬೇಜಾರು ಅರ್ಥ ಆಗುತ್ತೆ, ಅದರಲ್ಲಿ ನ್ಯಾಯಾನೂ ಇದೆ, ಆದ್ರೆ ಮಿಡ್‌ನೈಟ್ ಮಾಸ್‌ನ ಆ ಲಿಸ್ಟಿಗೆ ಸೇರಿಸೋಕೆ ನನಗೆ ಮನಸ್ಸಿಲ್ಲ. 2021ರಲ್ಲಿ ಬಂದ ಏಳು ಎಪಿಸೋಡಿನ ಸೀರೀಸ್ ಅದು, ಎಪಿಸೋಡುಗಳ ಹೆಸರೆಲ್ಲ ಬೈಬಲ್‌ನಿಂದಾನೇ ತಗೊಂಡಿರೋದು, ಮೊದಲ ಪುಸ್ತಕ ಆದಿಕಾಂಡದಿಂದ ಶುರುವಾಗಿ ಕೊನೇ ಪುಸ್ತಕ ಪ್ರಕಟನೆಗೆ ಮುಗಿಯುತ್ತೆ. ಮಾಡಿದ ಮೈಕ್ ಫ್ಲ್ಯಾನಗನ್ ಚಿಕ್ಕವರಿದ್ದಾಗ ಆಲ್ಟರ್ ಬಾಯ್, ಅಂದ್ರೆ ಪೂಜೆಯಲ್ಲಿ ಫಾದರ್‌ಗೆ ಸಹಾಯ ಮಾಡೋ ಹುಡುಗ ಆಗಿದ್ದವರು, ಪೂಜೆ ಅಂದ್ರೇನು ಅಂತ ಒಳಗಿಂದ ಗೊತ್ತಿರೋರು. ಅದರಲ್ಲಿ ಬೆವ್ ಕೀನ್ ಅನ್ನೋ ಹೆಂಗಸು ಬಾಯಿ ಬಿಟ್ರೆ ಬೈಬಲ್ ವಾಕ್ಯ, ಆದ್ರೆ ತನಗೆ ಅನುಕೂಲ ಆಗೋ ವಾಕ್ಯ ಮಾತ್ರ ಆರಿಸ್ಕೊಂಡು ಬೇರೆಯವರನ್ನ ಅದುಮೋಕೆ ಬಳಸ್ತಾಳೆ. ನಿಮಗೆ ನೋವಾಗಿದ್ದು ಅವಳಿಂದಾನೇ ಇರ್ಬೇಕು. ಆದ್ರೆ ಕಥೆ ನಡೆಯೋ ಅದೇ ದ್ವೀಪದಲ್ಲಿ ಎರಿನ್ ಇದ್ದಾಳೆ, ಅವಳೂ ಅದೇ ಚರ್ಚಿಗೆ ಹೋಗೋಳು. ಸತ್ತ ಮೇಲೆ ಏನಾಗುತ್ತೆ ಅಂತ ಅವಳೂ ದೇವರನ್ನ ನಂಬದ ರೈಲಿನೂ ಸೋಫಾ ಮೇಲೆ ಕೂತು ಮಾತಾಡೋ ಸೀನ್ ನೆನಪಿದೆಯಾ? ಇಬ್ಬರಿಗೂ ಪೂರ್ತಿ ಟೈಮ್ ಕೊಟ್ಟಿದ್ದಾರೆ, ಯಾರನ್ನೂ ದಡ್ಡರ ಥರ ತೋರಿಸಿಲ್ಲ. ನಂಬಿಕೆಗೆ ಅವಮಾನ ಮಾಡ್ಬೇಕು ಅನ್ನೋ ಮನುಷ್ಯ ಆ ಸೀನ್ ಬರಿಯೋದೇ ಇಲ್ಲ.

ಇನ್ನು ಫಾದರ್‌ಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯದ ವಿಷ್ಯ. ಇದು ಸ್ಕ್ರಿಪ್ಟ್ ಬರೆಯೋರು ಹುಟ್ಟಿಸಿಕೊಂಡಿದ್ದಲ್ಲ. 2002ರಲ್ಲಿ ಅಮೆರಿಕದ ಬಾಸ್ಟನ್‌ನ ಪತ್ರಿಕೆ ಹೊರಗೆ ತಂದಿದ್ದು, 2009ರಲ್ಲಿ ಐರ್ಲೆಂಡಲ್ಲಿ ಬಂದ ವಿಚಾರಣಾ ವರದಿಗಳು, ಇವನ್ನೆಲ್ಲ ಓದಿದ ಸಮಾಜ ಅದನ್ನ ಕಥೆಯಲ್ಲಿ ತರದೇ ಇರೋಕೆ ಆಗಲ್ಲ, ತರಲೂಬೇಕು. ನನ್ನ ತಕರಾರು ಇರೋದು ಸೋಮಾರಿ ಬರವಣಿಗೆ ಮೇಲೆ. ಎಷ್ಟೋ ಕ್ರೈಮ್ ಸೀರೀಸ್‌ಗಳಲ್ಲಿ ಕೊಲೆಗಾರನಿಗೆ ತಲೆ ಕೆಟ್ಟಿದೆ ಅಂತ ತೋರಿಸ್ಬೇಕು ಅಂದ್ರೆ ಗೋಡೆ ತುಂಬ ಶಿಲುಬೆ ನೇತು ಹಾಕಿ ಮೇಣದಬತ್ತಿ ಹಚ್ಚಿಬಿಡ್ತಾರೆ, ಅಲ್ಲಿಗೆ ಪಾತ್ರ ಬರೆಯೋ ಕೆಲಸ ಮುಗೀತು. ಅಲ್ಲಿ ಧರ್ಮ ಅನ್ನೋದು ಬರೀ ಸೆಟ್ ಪ್ರಾಪರ್ಟಿ. ಇದರ ಮೇಲೆ ನೀವು ಸಿಟ್ಟಾದ್ರೆ ನಾನೂ ನಿಮ್ಮ ಜೊತೆ.

ಮಗನ ಜೊತೆ ಕೂತು ಬ್ರೋಕನ್ ನೋಡಿ ಅಂತ ನನ್ನ ಮನವಿ. 2017ರಲ್ಲಿ ಬಿಬಿಸಿಯಲ್ಲಿ ಬಂದಿದ್ದು, ಆರೇ ಎಪಿಸೋಡು, ಬರೆದವರು ಜಿಮ್ಮಿ ಮೆಕ್‌ಗವರ್ನ್, ಫಾದರ್ ಮೈಕಲ್ ಪಾತ್ರದಲ್ಲಿ ಶಾನ್ ಬೀನ್. ಉತ್ತರ ಇಂಗ್ಲೆಂಡಿನ ಬಡವರ ಏರಿಯಾದ ಚರ್ಚು. ಕೆಲಸ ಕಳ್ಕೊಂಡ ಒಬ್ಬ ತಾಯಿ ತನ್ನ ಅಮ್ಮ ಸತ್ತಿದ್ದನ್ನೇ ಮುಚ್ಚಿಡ್ತಾಳೆ, ಯಾಕಂದ್ರೆ ಆ ಪೆನ್ಷನ್ ದುಡ್ಡು ಬರದಿದ್ರೆ ಮಕ್ಕಳಿಗೆ ಊಟ ಇಲ್ಲ. ಇಂಥವರೆಲ್ಲ ಬಂದು ಫಾದರ್ ಹತ್ರ ಅಳ್ತಾರೆ. ಫಾದರ್ ಕೂಡ ಚಿಕ್ಕವರಿದ್ದಾಗ ದೌರ್ಜನ್ಯ ಅನುಭವಿಸಿದವರು, ಬಲಿಪೂಜೆಯಲ್ಲಿ ರೊಟ್ಟಿ ಎತ್ತಿ ಹಿಡಿಯೋ ಹೊತ್ತಿಗೇ ಆ ನೆನಪು ನುಗ್ಗಿ ಬರುತ್ತೆ. ಕೈ ನಡುಗಿದ್ರೂ ಪೂಜೆ ನಿಲ್ಲಿಸಲ್ಲ. ಒಂದಿನ ಮಾನಸಿಕ ಕಾಯಿಲೆ ಇರೋ ಹುಡುಗನ ತಾಯಿ ಸಹಾಯಕ್ಕೆ ಫೋನ್ ಮಾಡ್ತಾಳೆ, ಇವರು ಎತ್ತಲ್ಲ, ಆ ಹುಡುಗ ಪೊಲೀಸರ ಗುಂಡಿಗೆ ಸಾಯ್ತಾನೆ. ಫೋನ್ ಎತ್ತಲಿಲ್ಲ ಅನ್ನೋದನ್ನ ಆಮೇಲೆ ವಿಚಾರಣೆಯಲ್ಲಿ ಎಲ್ಲರ ಮುಂದೆ ತಾವೇ ಒಪ್ಕೋತಾರೆ. ಕೊನೇ ಎಪಿಸೋಡಲ್ಲಿ ಪರಮಪ್ರಸಾದಕ್ಕೆ, ಅಂದ್ರೆ ಆ ಪೂಜೆಯ ರೊಟ್ಟಿ ತಗೊಳ್ಳೋಕೆ ಸಾಲಲ್ಲಿ ಬರೋ ಜನ ಬರೀ ಆಮೆನ್ ಅನ್ನದೆ, ಆಮೆನ್, ನೀವು ಎಂಥಾ ಒಳ್ಳೇ ಫಾದರ್ ಅಂತ ಒಬ್ಬೊಬ್ಬರಾಗಿ ಹೇಳ್ತಾ ಹೋಗ್ತಾರೆ. ನಂಬಿಕೆಗೆ ಬೆಲೆ ತೆರೋ ಮನುಷ್ಯನ್ನ ಟಿವಿಯಲ್ಲಿ ಇಷ್ಟು ಹತ್ತಿರದಿಂದ ತೋರಿಸಿದ್ದು ನಾನಂತೂ ಬೇರೆಲ್ಲೂ ನೋಡಿಲ್ಲ. ದೌರ್ಜನ್ಯಾನೂ ಇದೆ, ಅನುಮಾನಾನೂ ಇದೆ, ಆದ್ರೂ ಇದನ್ನ ನೋಡಿ ಯಾರ ನಂಬಿಕೆನೂ ಹೋಗಲ್ಲ ಅಂತ ಧೈರ್ಯವಾಗಿ ಹೇಳ್ತೀನಿ.

ಪ್ರಶ್ನೆ: ಸರ್, ಡೇರ್‌ಡೆವಿಲ್ ಅನ್ನೋ ಸೂಪರ್‌ಹೀರೋ ಸೀರೀಸ್‌ನ ಮೊದಲ ಎಪಿಸೋಡಲ್ಲೇ ಹೀರೋ ಚರ್ಚಲ್ಲಿ ಕೂತು ಇನ್ನೂ ಮಾಡದ ತಪ್ಪಿಗೆ ಕ್ಷಮೆ ಕೇಳ್ತಾನೆ. ನಾವು ಹಿಂದೂಗಳು, ಗೊತ್ತಿಲ್ಲದೆ ಕೇಳ್ತಿದ್ದೀನಿ, ಅಡ್ವಾನ್ಸ್ ಆಗಿ ಕ್ಷಮೆ ಸಿಗುತ್ತಾ? ಫಾದರ್ ಹೋಗಿ ಪೊಲೀಸರಿಗೆ ಹೇಳ್ಬಹುದಾ?
ದಾವಣಗೆರೆ ಓದುಗರು

ಉತ್ತರ: ಸಿಗಲ್ಲ. ಆ ಸೀನಲ್ಲಿ ಫಾದರ್ ಕೂಡ ಇದು ಹಾಗೆ ನಡೆಯಲ್ಲಪ್ಪ ಅನ್ನೋ ಅರ್ಥದಲ್ಲೇ ಉತ್ತರ ಕೊಡ್ತಾರೆ, ಸರಿಯಾಗೇ ಬರೆದಿದ್ದಾರೆ. ಕಥೋಲಿಕರ ಪಾಪನಿವೇದನೆಯಲ್ಲಿ, ಅಂದ್ರೆ ಫಾದರ್ ಮುಂದೆ ತಪ್ಪು ಒಪ್ಕೊಳ್ಳೋ ವಿಧಿಯಲ್ಲಿ, ಮಾಡಿದ್ದಕ್ಕೆ ಪಶ್ಚಾತ್ತಾಪ ಬೇಕು, ಇನ್ನು ಮಾಡಲ್ಲ ಅನ್ನೋ ನಿರ್ಧಾರ ಬೇಕು, ಫಾದರ್ ಕೊಟ್ಟ ಪ್ರಾಯಶ್ಚಿತ್ತ ಮಾಡ್ಬೇಕು. ನಾಳೆ ಹೊಡೆಯೋಕೆ ಹೋಗ್ತೀನಿ ಅಂತ ಗೊತ್ತಿಟ್ಕೊಂಡು ಇವತ್ತು ಕ್ಷಮೆ ತಗೊಳ್ಳೋಕೆ ಆಗಲ್ಲ. ಇನ್ನು ಕೇಳಿದ್ದನ್ನ ಫಾದರ್ ಯಾರಿಗೂ ಹೇಳೋ ಹಾಗಿಲ್ಲ, ಪೊಲೀಸರಿಗೂ ಇಲ್ಲ, ಕೋರ್ಟಿಗೂ ಇಲ್ಲ. ಬೇಕಂತಲೇ ಹೇಳಿದ್ರೆ ಚರ್ಚ್ ಕಾನೂನಿನ ಪ್ರಕಾರ ಆ ಕ್ಷಣವೇ ಬಹಿಷ್ಕಾರ. ಕ್ರೈಮ್ ಸೀರೀಸ್‌ನವರಿಗೆ ಈ ಗುಟ್ಟು ಅಂದ್ರೆ ಭಾರಿ ಇಷ್ಟ, ಬೇಕಾದಾಗ ಫಾದರ್ ಬಾಯಿ ಬಿಡಿಸ್ತಾರೆ, ಅದು ತಪ್ಪು ಚಿತ್ರಣ.

ಪಾಪನಿವೇದನೆಯ ಭಾರ ಏನು ಅಂತ ನೋಡ್ಬೇಕಂದ್ರೆ ದ ವೆಸ್ಟ್ ವಿಂಗ್ ಮೊದಲ ಸೀಸನ್ ಹಾಕಿ. 2000ದ ಫೆಬ್ರವರಿಯಲ್ಲಿ ಪ್ರಸಾರ ಆದ ಒಂದು ಎಪಿಸೋಡಲ್ಲಿ ಒಬ್ಬ ಕೈದಿಗೆ ಮರಣದಂಡನೆ, ಅದನ್ನ ತಡೆಯೋ ಅಧಿಕಾರ ಇರೋ ಅಮೆರಿಕದ ಅಧ್ಯಕ್ಷ ಬಾರ್ಟ್ಲೆಟ್ ಕಥೋಲಿಕ. ಕೈಯಲ್ಲಿ ಒಂದು ವಾರಾಂತ್ಯ ಅಷ್ಟೇ. ಪೋಪ್‌ಗೂ ಫೋನ್ ಮಾಡಿದ್ದಾರೆ, ಸಿಬ್ಬಂದಿ ಒಬ್ಬರು ಯಹೂದಿ ಧರ್ಮಗುರು, ಅಂದ್ರೆ ರಬ್ಬಿಯ ಮಾತು ಹೊತ್ತು ತರ್ತಾರೆ, ಅಧ್ಯಕ್ಷರು ದೇವರೇ ದಾರಿ ತೋರಿಸು ಅಂತ ಪ್ರಾರ್ಥನೆನೂ ಮಾಡ್ತಾರೆ, ಕೊನೆಗೆ ತಡೆಯಲ್ಲ. ಊರಿಂದ ಬಂದ ವಯಸ್ಸಾದ ಫಾದರ್ ಕೇಳ್ತಾರೆ, ದೇವರು ನಿನ್ನ ಹತ್ರ ಪಾದ್ರಿನ ಕಳಿಸ್ದ, ರಬ್ಬಿನ ಕಳಿಸ್ದ, ಕ್ವೇಕರ್ ಅನ್ನೋ ಕ್ರೈಸ್ತ ಪಂಥದ ಹೆಂಗಸನ್ನ ಕಳಿಸ್ದ, ಇನ್ನೇನು ಮಾಡ್ಬೇಕಿತ್ತು ಅಂತ. ದಂಡನೆ ಆಯ್ತು ಅನ್ನೋ ಸುದ್ದಿ ಬಂದ ಮೇಲೆ ಆ ಅಧ್ಯಕ್ಷ ತಮ್ಮ ಆಫೀಸಿನ ನೆಲದ ಮೇಲೆ ಮಂಡಿಯೂರಿ ಪಾಪನಿವೇದನೆ ಶುರು ಮಾಡ್ತಾರೆ. ಅಷ್ಟೊಂದು ಅಧಿಕಾರ ಇರೋ ಮನುಷ್ಯನಿಗೂ ತನ್ನ ಧರ್ಮದ ಮುಂದೆ ಲೆಕ್ಕ ಕೊಡೋದಿದೆ ಅನ್ನೋದು ಆ ಸೀನಲ್ಲಿದೆ.

ಪ್ರಶ್ನೆ: ಯೇಸುವಿನ ಕಥೆ ಹೇಳೋ ದ ಚೋಸನ್ ಸೀರೀಸ್‌ನಲ್ಲಿ ಬೈಬಲ್‌ನಲ್ಲಿ ಇಲ್ಲದ ಸೀನ್ ಸೇರಿಸಿದ್ದಾರೆ ಅಂತ ನಮ್ಮ ಚರ್ಚ್ ಸಭೆಯಲ್ಲಿ ಕೆಲವರು ಬಯ್ತಾರೆ. ನಿಮ್ಮ ಅಭಿಪ್ರಾಯ?
ಕೋಲಾರ ಓದುಗರು

ಉತ್ತರ: ಸೇರಿಸಿದ್ದಾರೆ, ಅವರೇನು ಮುಚ್ಚಿಟ್ಟಿಲ್ಲ. ನೋಡುಗರಿಂದಾನೇ 1 ಕೋಟಿ ಡಾಲರ್‌ಗೂ ಹೆಚ್ಚು ದುಡ್ಡು ಎತ್ತಿ ಮೊದಲ ಸೀಸನ್ ಮಾಡಿದ್ದು, ಹಾಗಾಗಿ ಚಾನೆಲ್‌ನವರಿಗೆ ಹೆದರೋದೂ ಇರ್ಲಿಲ್ಲ. ಮೂರನೇ ಸೀಸನ್‌ನ ಒಂದು ಸೀನ್ ಹೇಳ್ತೀನಿ. ಯೇಸು ಶಿಷ್ಯರನ್ನ ಇಬ್ಬಿಬ್ಬರಾಗಿ ರೋಗಿಗಳನ್ನ ಗುಣಪಡಿಸೋಕೆ ಕಳಿಸ್ತಾರೆ. ಚಿಕ್ಕ ಯಾಕೋಬ ಕಾಲು ಎಳೆದುಕೊಂಡು ನಡೆಯೋನು, ಆ ನಟನಿಗೂ ನಿಜವಾಗಿ ಹಾಗೇ ಇದೆ. ಅವನು ಯೇಸುವನ್ನ ಪಕ್ಕಕ್ಕೆ ಕರೆದು ನನ್ನನ್ನೇ ನೀವು ಗುಣಪಡಿಸಿಲ್ಲ, ನಾನು ಹೇಗೆ ಬೇರೆಯವರನ್ನ ಗುಣಪಡಿಸ್ಲಿ ಅಂತ ಕೇಳ್ತಾನೆ. ಇದು ಸುವಾರ್ತೆಯಲ್ಲಿ ಎಲ್ಲೂ ಇಲ್ಲ. ಆದ್ರೆ ಪ್ರಾರ್ಥನೆ ಮಾಡಿಯೂ ವಾಸಿಯಾಗದ ಕಾಯಿಲೆ ಇಟ್ಕೊಂಡಿರೋ ಎಷ್ಟು ಜನ ನಿಮ್ಮ ಸಭೆಯಲ್ಲೇ ಕೂತಿರ್ತಾರೆ, ಅವರ ಪ್ರಶ್ನೆ ಅದು. ಬೈಬಲ್ ಬದಲಿಗೆ ಇದನ್ನ ನೋಡ್ತೀನಿ ಅಂದ್ರೆ ತಪ್ಪು, ಬೈಬಲ್ ಜೊತೆ ನೋಡಿದ್ರೆ ಏನೂ ತಪ್ಪಿಲ್ಲ.

ಪ್ರಶ್ನೆ: ನಾನು ನರ್ಸ್. ಕಾಲ್ ದ ಮಿಡ್‌ವೈಫ್‌ನಲ್ಲಿ ಬರೋ, ಹೆರಿಗೆ ಮಾಡಿಸೋ ಮಠದ ಸಿಸ್ಟರ್‌ಗಳು ನಿಜವಾಗಿ ಇದ್ರಾ?
ಹಾಸನ ಓದುಗರು

ಉತ್ತರ: ಇದ್ರು. 2012ರಲ್ಲಿ ಶುರುವಾದ ಈ ಬಿಬಿಸಿ ಸೀರೀಸ್‌ಗೆ ಆಧಾರ ಜೆನಿಫರ್ ವರ್ತ್ ಅನ್ನೋ ನರ್ಸ್ ಬರೆದ ನೆನಪುಗಳು, ಜಾಗ ಪೂರ್ವ ಲಂಡನ್ನಿನ ಪಾಪ್ಲರ್, ಕಥೆ ಶುರುವಾಗೋದು 1957ರಲ್ಲಿ. ತುಂಬ ಜನ ಇವರನ್ನ ಕಥೋಲಿಕ್ ಅಂದ್ಕೋತಾರೆ, ಇವರು ಆಂಗ್ಲಿಕನ್, ಅಂದ್ರೆ ಚರ್ಚ್ ಆಫ್ ಇಂಗ್ಲೆಂಡಿನ ಸಿಸ್ಟರ್‌ಗಳು. ಪ್ರಾರ್ಥನೆ ಹಾಡ್ತಾ ಇರೋವಾಗ ಫೋನ್ ಬಂದ್ರೆ ಎದ್ದು ಸೈಕಲ್ ಹತ್ತಿ ಹೆರಿಗೆಗೆ ಹೋಗ್ತಾರೆ, ಪ್ರಾರ್ಥನೆ ಬೇರೆ ಕೆಲಸ ಬೇರೆ ಅನ್ನೋದೇ ಅಲ್ಲಿಲ್ಲ. ಬ್ರಿಟನ್ನಿನಲ್ಲಿ ಗರ್ಭಪಾತದ ಕಾಯ್ದೆ ಬಂದಿದ್ದು 1967ರಲ್ಲಿ, ಅದಕ್ಕೆ ಮುಂಚೆ ಕದ್ದುಮುಚ್ಚಿ ಮಾಡಿಸ್ಕೊಂಡು ಸಾಯೋ ಸ್ಥಿತಿಗೆ ಬಂದ ಹೆಂಗಸರ ಕಥೆಗಳೂ ಇದರಲ್ಲಿವೆ. ಸಿಸ್ಟರ್‌ಗಳು ಮೊದಲು ನೋಡೋದು ಜೀವ ಉಳಿಯುತ್ತಾ ಅಂತ. ನೀವು ನರ್ಸ್ ಅಲ್ವಾ, ಎರಡನೇ ಸೀಸನ್ನಲ್ಲಿ ಸಿಸ್ಟರ್ ಬರ್ನಡೆಟ್ ಮಠ ಬಿಟ್ಟು ಡಾಕ್ಟರ್ ಟರ್ನರ್‌ನ ಮದುವೆಯಾಗೋ ನಿರ್ಧಾರಕ್ಕೆ ಬರೋ ಭಾಗ ತಪ್ಪಿಸ್ಬೇಡಿ, ಅವಳನ್ನ ಅಲ್ಲಿ ಯಾರೂ ದ್ರೋಹಿ ಅನ್ನಲ್ಲ.