‘ತರ್ಕ’ ಈಗ ನೋಡಿದರೆ ಹಳತು ಅನ್ನಿಸುತ್ತಾ?

ಮಡಿಕೇರಿಯವರೇ, ಮಳೆ ರಜೆಯಲ್ಲಿ ಮನೆಗೆ ಬಂದಿರೋ ಕಾಲೇಜು ಮಕ್ಕಳ ಜೊತೆ ಕೂತು ‘ತರ್ಕ’ ನೋಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಿ. 1989ರ ಕೊಲೆ ರಹಸ್ಯದ ಚಿತ್ರ, ಸುನಿಲ್ ಕುಮಾರ್ ದೇಸಾಯಿಯವರ ಮೊದಲ ನಿರ್ದೇಶನ. ಆಗಿನ ಕಾಲಕ್ಕೆ ಒಂದೂ ಹಾಡಿಲ್ಲದೆ ಸಿನಿಮಾ ಮಾಡೋಕೆ ಗುಂಡಿಗೆ ಬೇಕಿತ್ತು. ಅದೇ ಇದರ ಬಲ ಕೂಡ: ಹಾಡಿನ ನೆಪದಲ್ಲಿ ಎದ್ದು ಹೋಗಿ ಕಾಫಿ ಕಾಯಿಸೋಕೆ ಬಿಡಲ್ಲ. ಶಂಕರ್‌ನಾಗ್ ಇದ್ದೂ ನನ್ನನ್ನು ಹೆಚ್ಚು ಕಾಡಿದ್ದು ಅನುಮಾನದ ಗಂಡನಾಗಿ ದೇವರಾಜ್. ಆ ಮನುಷ್ಯನ ಜೊತೆ ಒಂದೇ ಸೂರಿನಡಿ ಇರೋದು ಹೇಗಪ್ಪಾ ಅನ್ನಿಸಿಬಿಡುತ್ತೆ.

ಕೊರತೆ ಇಲ್ಲ ಅಂತಲ್ಲ. ಕಥೆಯ ಎಳೆ ಇಂಗ್ಲಿಷ್ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯವರ ನಾಟಕದ್ದು, ಹಾಗಾಗಿ ಮಾತು ಜಾಸ್ತಿ. ವಿಚಾರಣೆಯ ಭಾಗ ಎಳೆದಂತಾಗುತ್ತೆ, ಮಕ್ಕಳು ಫೋನ್ ತೆಗೆಯೋದು ಅಲ್ಲೇ. ಹಿನ್ನೆಲೆ ಸಂಗೀತವೂ ಕೆಲವು ಕಡೆ ‘ಈಗ ಹೆದರಿ’ ಅಂತ ಮುಂಚೆಯೇ ಹೇಳಿಬಿಡುತ್ತೆ.

ಇನ್ನೊಂದು, 1973ರ ಹಿಂದಿ ‘ಧುಂದ್’ ಕೂಡ ಅದೇ ನಾಟಕದಿಂದ ಬಂದದ್ದು. ಅದನ್ನು ನೋಡಿರೋ ಹಿರಿಯರು ಮನೆಯಲ್ಲಿದ್ದರೆ ಬಾಯಿ ಬಿಡದಂತೆ ಮೊದಲೇ ಹೇಳಿಡಿ. ಯುಪಿಎಸ್ ಚಾರ್ಜ್ ಇರಲಿ. ಕೊನೆಯಲ್ಲಿ ಕರೆಂಟ್ ಹೋದರೆ ಮಕ್ಕಳು ನೆಟ್‌ನಲ್ಲಿ ಕೊಲೆಗಾರನನ್ನು ಹುಡುಕಿಬಿಡ್ತಾರೆ.