ಇಯುವಿ ಯಂತ್ರ ಕೊಂಡವರೆಲ್ಲ ಟಿಎಸ್‌ಎಂಸಿ ಯಾಕೆ ಆಗಲಿಲ್ಲ?

ಅತಿ ಸೂಕ್ಷ್ಮ ಚಿಪ್‌ಗೆ ಬೇಕಾದ ಇಯುವಿ ಯಂತ್ರ (ತೀವ್ರ ನೇರಳಾತೀತ ಬೆಳಕಿನಿಂದ ಚಿಪ್‌ನ ಗೆರೆಗಳನ್ನು ಮೂಡಿಸುವ ಯಂತ್ರ) ಮಾರುವುದು ನೆದರ್ಲೆಂಡ್ಸ್‌ನ ಎಎಸ್‌ಎಂಎಲ್ ಒಂದೇ. ಹಾಗಿದ್ದರೆ ದುಡ್ಡಿದ್ದವರು ಅದನ್ನು ಕೊಂಡು ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಗೆ ಸಮ ಆಗಬಹುದಲ್ಲ ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಕ್ಲಾಸಿನಲ್ಲಿ ಈ ಪ್ರಶ್ನೆ ಬಂದಾಗ ನಮ್ಮೂರ ಮಂಡಕ್ಕಿ ಭಟ್ಟಿಯಿಂದಲೇ ಶುರು ಮಾಡುವುದು. ಅದೇ ಅಕ್ಕಿ, ಅದೇ ಮರಳು, ಅದೇ ಬಾಣಲೆ. ಒಬ್ಬರ ಕೈಯಲ್ಲಿ ಕಾಳೆಲ್ಲ ಅರಳುತ್ತದೆ, ಇನ್ನೊಬ್ಬರ ಕೈಯಲ್ಲಿ ಅರ್ಧ ಮುರುಟಿಕೊಳ್ಳುತ್ತದೆ. ಉಪ್ಪುನೀರು ಎಷ್ಟು, ಮರಳು ಎಷ್ಟು ಕಾಯಬೇಕು ಅನ್ನುವುದು ದಿನಾ ಹುರಿದವರಿಗೇ ಗೊತ್ತು.

ಚಿಪ್ ಲೋಕದಲ್ಲಿ ಇದಕ್ಕೆ ಯೀಲ್ಡ್ ಅನ್ನುತ್ತಾರೆ: ಒಂದು ವೇಫರ್‌ನಲ್ಲಿ, ಅಂದರೆ ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆಯಲ್ಲಿ, ಕೆಲಸಕ್ಕೆ ಬರುವ ಚಿಪ್ ಎಷ್ಟು ಅಂತ. ಲೆಕ್ಕ ಹಾಕಿ ನೋಡಿ. ತಯಾರಿಕೆಗೆ 1000 ಹಂತ, ಪ್ರತಿ ಹಂತದಲ್ಲೂ ಸಾವಿರಕ್ಕೆ ಒಂದೇ ಚಿಪ್ ಕೆಡುತ್ತದೆ ಅಂದುಕೊಳ್ಳಿ. ಕೊನೆಗೆ ಉಳಿಯುವುದು ನೂರಕ್ಕೆ ಸುಮಾರು 37. ಹತ್ತು ಸಾವಿರಕ್ಕೆ ಒಂದು ಕೆಟ್ಟರೆ 90! ಬೋರ್ಡಿನ ಮೇಲೆ ಈ ಎರಡು ಸಂಖ್ಯೆ ಬರೆದಾಗ ಹುಡುಗರು ಒಂದು ಕ್ಷಣ ಸುಮ್ಮನಾಗುತ್ತಾರೆ. ಲಾಭ ನಷ್ಟ ಎಲ್ಲ ಅಲ್ಲೇ ಇದೆ.

ಆ ಕೈಹದ ಟಿಎಸ್‌ಎಂಸಿಗೆ ಬಂದದ್ದು ವ್ಯಾಪಾರದ ರೀತಿಯಿಂದ. 1987ರಲ್ಲಿ ಮೋರಿಸ್ ಚಾಂಗ್ ಅದನ್ನು ಕಟ್ಟಿದಾಗಲೇ, ನಮ್ಮ ಹೆಸರಿನ ಚಿಪ್ ಮಾರುವುದಿಲ್ಲ, ಬೇರೆಯವರ ವಿನ್ಯಾಸ ಮಾತ್ರ ಮಾಡಿಕೊಡುತ್ತೇವೆ ಅಂತ ನಿರ್ಧರಿಸಿದ್ದರು. ಪೈಪೋಟಿಯ ಭಯವಿಲ್ಲದೆ ಆ್ಯಪಲ್, ಎನ್‌ವಿಡಿಯಾ, ಎಎಂಡಿ, ಕ್ವಾಲ್‌ಕಾಮ್ ಎಲ್ಲರೂ ಬಂದರು. ಎಲ್ಲರ ವೇಫರ್‌ನಲ್ಲಿ ಕಂಡ ದೋಷವೂ ಒಂದೇ ಮನೆಗೆ ಪಾಠವಾಯಿತು. ಅಮೆರಿಕದ ಇಂಟೆಲ್ ಆದರೋ ಹೆಚ್ಚಾಗಿ ತನ್ನದೇ ಚಿಪ್ ಮಾಡಿಕೊಳ್ಳುತ್ತಿತ್ತು.

ಯಂತ್ರವೇ ಎಲ್ಲ ಅನ್ನುವವರಿಗೆ ನಾನು ಹೇಳುವುದು ಇದು: ಇಂಟೆಲ್‌ನ 10 ನ್ಯಾನೋಮೀಟರ್ ತಂತ್ರಜ್ಞಾನ (ಈ ಸಂಖ್ಯೆ ತಂತ್ರಜ್ಞಾನದ ತಲೆಮಾರಿನ ಹೆಸರು, ಚಿಕ್ಕದಾದಷ್ಟೂ ಚಿಪ್ ಸೂಕ್ಷ್ಮ) ವರ್ಷಗಟ್ಟಲೆ ತಡವಾಗಿ 2019ಕ್ಕೆ ದೊಡ್ಡ ಪ್ರಮಾಣದಲ್ಲಿ ಬಂತು. ಅದಕ್ಕೆ ಬಳಸಿದ್ದು ಇಯುವಿ ಅಲ್ಲ, ಹಳೆಯ 193 ನ್ಯಾನೋಮೀಟರ್ ತರಂಗಾಂತರದ ಬೆಳಕು. ಟಿಎಸ್‌ಎಂಸಿ 2018ರಲ್ಲಿ ಮಾಡಿದ ಮೊದಲ 7 ನ್ಯಾನೋಮೀಟರ್ ಚಿಪ್‌ಗೂ ಇಯುವಿ ಇರಲಿಲ್ಲ, ಅದೇ ಬೆಳಕು! ಇನ್ನು ಸ್ಯಾಮ್‌ಸಂಗ್ 7 ನ್ಯಾನೋಮೀಟರ್‌ಗೆ ಇಯುವಿಯನ್ನು ಟಿಎಸ್‌ಎಂಸಿಗಿಂತ ಮೊದಲೇ ತಂದಿತ್ತು, ಆದರೂ ದೊಡ್ಡ ಗಿರಾಕಿಗಳು ತೈವಾನ್ ಬಿಡಲಿಲ್ಲ. ಇನ್ನೊಂದು ಚಿಪ್ ತಯಾರಿಕಾ ಕಂಪನಿ ಗ್ಲೋಬಲ್‌ಫೌಂಡ್ರೀಸ್ 2018ರಲ್ಲಿ 7 ನ್ಯಾನೋಮೀಟರ್ ಕೆಲಸವನ್ನೇ ಕೈಬಿಟ್ಟಿತು. ಚೀನಾದ್ದು ಬೇರೆ ಕಥೆ, ಅವರಿಗೆ ಇಯುವಿ ಮಾರಲು ಪರವಾನಗಿಯೇ ಇಲ್ಲ.

ಗುಜರಾತಿನ ಧೋಲೇರಾದಲ್ಲಿ ಟಾಟಾ ಕಟ್ಟುತ್ತಿರುವ ಫ್ಯಾಬ್ (ಚಿಪ್ ಕಾರ್ಖಾನೆ) 28 ನ್ಯಾನೋಮೀಟರ್‌ನಿಂದ ಶುರುವಾಗುತ್ತದೆ ಅಂದರೆ ನನ್ನ ವಿದ್ಯಾರ್ಥಿಗಳ ಮುಖ ಸಪ್ಪೆಯಾಗುತ್ತದೆ. ನನಗೆ ಮಾತ್ರ ಅದು ಸರಿಯಾದ ಮೆಟ್ಟಿಲು ಅನ್ನಿಸುತ್ತದೆ. ಟಿಎಸ್‌ಎಂಸಿ 2011ರಲ್ಲಿ ಶುರು ಮಾಡಿದ 28 ನ್ಯಾನೋಮೀಟರ್ ಅನ್ನು ಇವತ್ತಿಗೂ ನಿಲ್ಲಿಸಿಲ್ಲ.